ಹರಿಯಬೇಕಾದ ಹೊಲಿಗೆ

ನಿಮ್ಮಪ್ಪನ ಹಣೆಯ ಎಡಗಡೆ, ಹುಬ್ಬಿನಿಂದ ಕೂದಲಿನವರೆಗೆ ಒಂದು ಗೀಟು ಇದೆ. ನೀವಿಬ್ಬರೂ ಅದರ ಮೇಲೆ ಬೆರಳಾಡಿಸುತ್ತ ಇದು ಹೇಗಾಯಿತು ಎಂದು ಕೇಳಿದಾಗಲೆಲ್ಲ ಅವನು ಸೋಲಾರ್ ಪ್ಲೇಟು ಬಡಿಯಿತು ಎನ್ನುತ್ತಾನೆ. ಅದು ಸುಳ್ಳಲ್ಲ. ಆದರೆ ಆ ಪ್ಲೇಟು ಏಕೆ ಕಿತ್ತು ಬಂತು ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತಿರುವವಳು ನಾನೊಬ್ಬಳೇ. ಎರಡು ವರ್ಷದಿಂದ ಬಾಯಿ ಬಿಟ್ಟಿಲ್ಲ.

ನಾನು ಮೊದಲಿಂದಲೂ ಹೀಗೆಯೇ. ಊರ ಸಾಲೆಯಲ್ಲಿ ಏಳನೆಯ ತರಗತಿ ತನಕ ಓದಿದೆ. ಮಾಸ್ತರರು ಎಬ್ಬಿಸಿ ಕೇಳಿದರೆ ಉತ್ತರ ಗೊತ್ತಿದ್ದರೂ ನಾಲಿಗೆ ಏಳುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ ಎಂದುಕೊಳ್ಳಿ.

ನಿಮ್ಮ ಮುತ್ಯಾನಿಂದ, ಅಂದರೆ ನನ್ನ ಗಂಡನಿಂದ, ಶುರು ಮಾಡಬೇಕು. ಅಣೆಕಟ್ಟಿನ ಹಿನ್ನೀರು ಬಂದಾಗ ನಮ್ಮ ಹಳೆಯ ಊರು ಮುಳುಗಿತು. ಸರಕಾರದವರು ನಮ್ಮನ್ನು ಈ ದಂಡೆಯ ಎತ್ತರದಲ್ಲಿ ತಂದು ಕೂರಿಸಿದರು. ಬೀಳಗಿ ತಾಲೂಕಿನ ಎಷ್ಟೋ ಊರುಗಳ ಕಥೆ ಇದೇ. ಮನೆ ಈಚೆ ಬಂತು, ಮುಳುಗದೆ ಉಳಿದ ಹೊಲ ನೀರಿನ ಆಚೆ ಉಳಿಯಿತು. ಬಸ್ಸು ಹಿಡಿದು ಸುತ್ತಿ ಹೋದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತಿತ್ತು. ಮುತ್ಯಾ ಎರಡು ಸಣ್ಣ ತಗಡಿನ ದೋಣಿ ತಂದು, ನಡುವೆ ಒಂದಾಳು ಮಲಗುವಷ್ಟು ಜಾಗ ಬಿಟ್ಟು, ಮೇಲೆ ಅಡ್ಡ ತೊಲೆ ಹಾಕಿ ಹಲಗೆ ಹೊಡೆದರು. ಒಂಟಿ ದೋಣಿ ಹೊರಳುತ್ತದೆ, ಜೋಡು ದೋಣಿ ಮಂಚದ ಹಾಗೆ ನಿಲ್ಲುತ್ತದೆ ಎನ್ನುತ್ತಿದ್ದರು. ಇಂಥದ್ದಕ್ಕೆ ಕ್ಯಾಟಮರಾನ್ ಅನ್ನುತ್ತಾರೆ ಎಂದು ನಿಮ್ಮಪ್ಪ ಆಮೇಲೆ ಫೋನಿನಲ್ಲಿ ನೋಡಿ ಹೇಳಿದ. ನಮಗದು ಜೋಡು ದೋಣಿಯೇ. ನಡುವೆ ನೀಲಗಿರಿ ಕಂಬ ನಿಲ್ಲಿಸಿ ಅದಕ್ಕೆ ಹಾಯಿ ಕಟ್ಟಿದರು. ಇಲ್ಲಿ ಗಾಳಿ ಬಹುಪಾಲು ಪಡುವಣದಿಂದ ಬೀಸುತ್ತದೆ. ನಮ್ಮ ದಾರಿ ದಕ್ಷಿಣದ ದಂಡೆಯಿಂದ ಉತ್ತರದ ದಂಡೆಗೆ. ಗಾಳಿ ಅಡ್ಡಲಾಗಿ ಬರುವುದರಿಂದ ಹೋಗುವುದಕ್ಕೂ ಬರುವುದಕ್ಕೂ ಅದೇ ಹಾಯಿ ಸಾಕಾಗುತ್ತಿತ್ತು.

ಹಾಯಿ ಹೊಲಿದವಳು ನಾನು. ತವರಿನಲ್ಲಿ, ಬನಹಟ್ಟಿಯ ಬದಿಗೆ, ನೆರೆಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಬೆಳೆದವಳು. ಯಾವ ನೂಲು ಎಷ್ಟು ಎಳೆದರೆ ಹರಿಯುತ್ತದೆ ಎಂಬುದು ಬೆರಳಿಗೆ ಗೊತ್ತು. ಬನಹಟ್ಟಿಯಿಂದ ತಂದ ಪಾಲಿಸ್ಟರ್ ಬಟ್ಟೆಯ ಎರಡು ಪಟ್ಟಿ ಕೂಡಿಸಿ ಗಟ್ಟಿಯಾದ ನೈಲಾನ್ ದಾರದಿಂದ ಹೊಲಿಯಲು ಕೂತಿದ್ದೆ. ಮುತ್ಯಾ ಬಂದು ದಾರ ಕಸಿದುಕೊಂಡರು. ಸುತ್ತಲಿನ ಅಂಚಿಗೆ ನೈಲಾನ್ ಹಾಕು, ನಡುವಿನ ಹೊಲಿಗೆಯನ್ನು ಮಾತ್ರ ಹತ್ತಿಯ ಒಂದೆಳೆ ನೂಲಿನಲ್ಲಿ ಹೊಲಿ ಎಂದರು. ಅದು ಹರಿದು ಹೋಗುತ್ತದಲ್ಲರೀ ಎಂದೆ.

"ಹರೀಲಿ ಅಂತ ಹೇಳಾಕತ್ತೇನಿ," ಎಂದರು. "ಗಾಳಿ ಜೋರಾದ್ರ ಏನಾರ ಒಂದು ಸೋಲಬೇಕು. ದೋಣಿ ಸೋಲಬಾರದು. ಕಂಬ ಸೋಲಬಾರದು. ನಿನ್ನ ಹೊಲಿಗಿ ಸೋಲಲಿ."

ಇದನ್ನು ಯಾರಿಗೂ ಹೇಳಬೇಡ ಎಂದೂ ಹೇಳಿದರು. ಹರಿಯಲೆಂದೇ ಹೊಲಿದ ಹಾಯಿ ಎಂದು ಗೊತ್ತಾದರೆ ಜನ ದೋಣಿ ಹತ್ತಲು ಅಂಜುತ್ತಾರೆ ಎಂಬುದು ಅವರ ಲೆಕ್ಕ. ಹಾಗಾಗಿ ಅದು ನಮ್ಮಿಬ್ಬರ ನಡುವೆಯೇ ಉಳಿಯಿತು. ಬಿಸಿಲಿಗೆ ಹತ್ತಿ ನೂಲು ಬೇಗ ಸಾಯುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ನಡುವಿನ ಹೊಲಿಗೆ ಬಿಚ್ಚಿ ಹೊಸ ನೂಲು ಹಾಕುತ್ತಿದ್ದೆ.

ಒಂದು ಸಲ ಅದು ಹರಿಯಿತು. ಹಸ್ತಿ ಮಳೆಯ ಹೊತ್ತು. ನೀರಿನ ನಡುವೆ ಗಾಳಿ ಎದ್ದು, ಹಾಯಿ ಮೇಲಿಂದ ಕೆಳಗಿನವರೆಗೆ ಸೀಳಿ, ದೋಣಿ ಅಲ್ಲೇ ತಣ್ಣಗೆ ನಿಂತಿತಂತೆ. ಹುಟ್ಟು ಹಾಕಿ ದಡ ಸೇರಿದರು. ಅಂದು ದೋಣಿಯಲ್ಲಿದ್ದವರಲ್ಲಿ ಎರಡು ಮನೆ ಆಚೆಯ ಅತ್ತಿಯೂ ಒಬ್ಬಳು. ನೀವು ಈಗಲೂ ಅವಳ ಅಂಗಳದಲ್ಲಿ ಬಾರೆಹಣ್ಣು ಆಯುತ್ತೀರಲ್ಲ, ಅವಳೇ. ಮನೆಯ ಮುಂದೆ ನಿಂತು ನಾಲ್ಕು ಜನ ಕೇಳುವಂತೆ, "ಏನಬೇ, ಬನಹಟ್ಟಿಯಾಕಿ ಅಂತೀದಿ, ಒಂದು ಗಾಳಿ ತಡಿಯೂ ಹಂಗ ಹೊಲ್ಯಾಕ ಬರೂದಿಲ್ಲೇನು?" ಎಂದಳು. ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ. ಊಟಕ್ಕೆ ಕೂತಾಗ ಮುತ್ಯಾ ಮೆಲ್ಲಗೆ, ಛಲೋ ಹರಿತು, ಮತ್ತ ಅದ ನೂಲಿನಾಗ ಹೊಲಿ ಎಂದರು. ನಿಮ್ಮಪ್ಪ ಆಗ ಕಾಲೇಜಿಗೆ ಹೋಗುತ್ತಿದ್ದ. ಅತ್ತಿಯ ಮಾತು ಕೇಳಿ ಅವ್ವನಿಗೆ ಹೊಲಿಗೆ ಬಾರದು ಎಂದು ಅವನೂ ನಂಬಿದ.

ಮುತ್ಯಾ ಹೋದದ್ದು ಜ್ವರದಿಂದ, ನೀರಿನಿಂದಲ್ಲ. ಅದಾದ ಮೇಲೆ ದೋಣಿ ದಂಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಿಮ್ಮಪ್ಪ ಮೋಟರ್ ಕೆಲಸ ಕಲಿತು, ಮುಧೋಳ, ಬೀಳಗಿ ಕಡೆಯ ಹೊಲಗಳಲ್ಲಿ ಸೋಲಾರ್ ಪಂಪು ಕೂರಿಸುತ್ತಿದ್ದ. ಆಚೆ ದಂಡೆಯ ಹೊಲಕ್ಕೆ ಹೋಗಿ ಬರುವುದು ಜನಕ್ಕೆ ಕಷ್ಟವಾಗಿತ್ತು. ಒಂದು ದಿನ ದೋಣಿಯ ಮುಂದೆ ಬಹಳ ಹೊತ್ತು ನಿಂತು, ಇದಕ್ಕೂ ಪ್ಲೇಟು ಹಾಕುತ್ತೇನೆ, ಬಿಸಿಲಿನಿಂದಲೇ ನಡೆಯುತ್ತದೆ ಎಂದ. ನನಗೆ ಸಂತೋಷವೇ ಆಯಿತು. ಗಂಡನ ದೋಣಿ ಮತ್ತೆ ನೀರಿಗೆ ಇಳಿಯುತ್ತದಲ್ಲ.

ಜಮಖಂಡಿಯಿಂದ ಒಬ್ಬ ವೆಲ್ಡಿಂಗಿನವನನ್ನು ಕರೆತಂದ. ಕೆಲಸ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಡೆಯಿತು. ಮೊದಲು ಕಂಬ ಕೊಯ್ದರು. ಗರಗಸ ಆಡುವಾಗ ನಾನು ಹಿತ್ತಲಿಗೆ ಹೋಗಿ ನಿಂತೆ. ಕೊಯ್ದ ಕಂಬವನ್ನು ದನದ ಕೊಟ್ಟಿಗೆಗೆ ಆಸರೆ ಕೊಟ್ಟರು. ಕಂಬದ ತುದಿಯಲ್ಲಿ ಗಾಳಿ ನೋಡಲು ಮುತ್ಯಾ ನನ್ನ ಹಳೆಯ ಸೀರೆಯ ಕೆಂಪು ಅಂಚಿನ ತುಂಡೊಂದನ್ನು ಕಟ್ಟಿದ್ದರು. ಅದನ್ನು ಬಿಚ್ಚಿ ತಂದು ಬೇವಿನ ಟೊಂಗೆಗೆ ಕಟ್ಟಿದೆ. ಅದು ಅಲ್ಲೇ ಇದೆ, ನೋಡಿದ್ದೀರಿ.

ಹಳೆಯ ಎಲೆಕ್ಟ್ರಿಕ್ ಆಟೋದ ಮೋಟರನ್ನು ನಿಮ್ಮಪ್ಪ ಹಿಂದಿನ ತೊಲೆಗೆ ಕೂರಿಸಿ, ಅದಕ್ಕೆ ಉದ್ದನೆಯ ಸರಳು, ಸರಳಿಗೆ ನೀರಿನೊಳಗೆ ತಿರುಗುವ ಪಂಖ ಜೋಡಿಸಿದ. ಎರಡು ದೋಣಿಯ ಹೊಟ್ಟೆಯೊಳಗೆ ಒಂದೊಂದು ಬ್ಯಾಟರಿ. ಮೇಲೆ ಅಂಗಲ್ ಕಬ್ಬಿಣದ ನಾಲ್ಕು ಕಾಲು ನಿಲ್ಲಿಸಿ, ಅದರ ಮೇಲೆ ನಾಲ್ಕು ದೊಡ್ಡ ಪ್ಲೇಟುಗಳನ್ನು ಚಪ್ಪರದ ಹಾಗೆ ಹಾಸಿದ. ಒಂದೊಂದು ಪ್ಲೇಟಿಗೆ ನಾಲ್ಕು ಬೋಲ್ಟು. ವೆಲ್ಡಿಂಗಿನವನು ಮೇಲೆ ಹತ್ತಿ ಕೂತು ತೋರಿಸಿದ. ಅಲುಗಲಿಲ್ಲ.

"ಯವ್ವಾ, ಇನ್ನ ನಿನಗ ಹೊಲಿಯೂ ಕೆಲಸ ತಪ್ಪಿತು," ಎಂದ ನಿಮ್ಮಪ್ಪ. "ಇದು ಹರಿಯೂ ಮಾತ ಇಲ್ಲ."

ಅವನು ನಕ್ಕ, ವೆಲ್ಡಿಂಗಿನವನೂ ನಕ್ಕ. ನಾನು ಆ ಬೋಲ್ಟುಗಳನ್ನು ಎಣಿಸುತ್ತ ನಿಂತೆ.

ಮರುದಿನ ಚಹಾ ಕೊಡಲು ಹೋದಾಗ ನಿಮ್ಮಪ್ಪ ವೈರಿನ ಪೆಟ್ಟಿಗೆ ತೆರೆದು ಕೂತಿದ್ದ. ಸಣ್ಣ ಗಾಜಿನ ಕೊಳವೆಯಂಥದನ್ನು ನನ್ನ ಅಂಗೈಯಲ್ಲಿಟ್ಟು, "ಇದು ಫ್ಯೂಜ್, ಯವ್ವಾ. ಲೋಡ್ ಹೆಚ್ಚಾದ್ರ ಮೊದಲ ಇದು ಸುಡತೈತಿ. ಮೋಟರ್ ಉಳಿತೈತಿ," ಎಂದ. ನೋಡಿದೆ. ಒಳಗೆ ಕೂದಲಿನಂಥ ತಂತಿ. ಹಾಯಿಯ ನಡುವಿನ ನನ್ನ ಹೊಲಿಗೆಯೂ ಇದೇ ಕೆಲಸದ್ದು. ತಲೆ ಎತ್ತಿ ಚಪ್ಪರ ನೋಡಿದೆ. ಚಪ್ಪರಕ್ಕೂ ಒಂದು ಫ್ಯೂಜ್ ಹಾಕಬೇಕಿತ್ತಲ್ಲಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ವೆಲ್ಡಿಂಗಿನವನು ಇತ್ತ ತಿರುಗಿದ. ಲೋಟ ತೆಗೆದುಕೊಂಡು ಒಳಗೆ ಬಂದೆ.

ಸಂಜೆ ನಿಮ್ಮಪ್ಪನೊಬ್ಬನೇ ಇದ್ದಾಗ ಇನ್ನೊಮ್ಮೆ ಧೈರ್ಯ ಮಾಡಿ, ಗಾಳಿ ಬಂದರೆ ಏನಪ್ಪಾ ಎಂದಷ್ಟೇ ಕೇಳಿದೆ.

"ಗಾಳಿಗೆ ಅಂಜೂದು ಹಾಯಿ ಇದ್ದಾಗ, ಯವ್ವಾ. ಈಗ ಹಾಯಿನ ಇಲ್ಲಲ್ಲ."

ಅವನ ತಲೆಯ ಮೇಲೆಯೇ ನಾಲ್ಕು ಪ್ಲೇಟಿನಷ್ಟು ಹಾಯಿ ಇತ್ತು. ಬಿಚ್ಚಲು ಬಾರದ್ದು, ಇಳಿಸಲು ಬಾರದ್ದು, ಹರಿಯದ್ದು. ಹೊಲಿಗೆಯ ಗುಟ್ಟು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೇಳಬೇಡ ಎಂದ ಗಂಡನ ಮಾತು ಅಡ್ಡ ಬಂತು. ನಿಜ ಹೇಳಬೇಕೆಂದರೆ ಅದಕ್ಕಿಂತ ನನ್ನ ನಾಚಿಕೆಯೇ ದೊಡ್ಡದಾಗಿತ್ತು. ಕಲಿತ ಮಗನಿಗೆ ನಾನೇನು ಹೇಳುವುದು?

ದೋಣಿಯನ್ನು ದಂಡೆಗೆ ಸಾಗಿಸಿ, ನೀರಿನ ಕಡೆಗೆ, ಅಂದರೆ ಉತ್ತರಕ್ಕೆ, ಮುಖ ಮಾಡಿ ನಿಲ್ಲಿಸಿದರು. ನೀರಿಗೆ ಇಳಿಸುವ ಹಿಂದಿನ ದಿನ ಮಧ್ಯಾಹ್ನ ನಿಮ್ಮ ಅಪ್ಪ ಅವ್ವ ಏನೋ ಸಾಮಾನು ತರಲು ಜಮಖಂಡಿಗೆ ಹೋದರು. ನೀವಿಬ್ಬರೂ ಅಂಗನವಾಡಿಯಲ್ಲಿದ್ದಿರಿ. ಹತಾರದ ಪೆಟ್ಟಿಗೆಯಿಂದ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ದಂಡೆಗೆ ಇಳಿದೆ. ಹಲಗೆಯ ಮೇಲೆ ನಿಂತರೆ ಪ್ಲೇಟಿನ ಅಡಿಗೆ ಕೈ ಎಟುಕುತ್ತಿತ್ತು. ಪ್ರತಿ ಪ್ಲೇಟಿನ ಪಡುವಣ ಬದಿಯ ಎರಡೆರಡು ನಟ್ಟು ಬಿಚ್ಚಿದೆ. ಬೋಲ್ಟನ್ನು ಅಲ್ಲೇ ಬಿಟ್ಟು, ನಟ್ಟಿನ ಬದಲು ಹತ್ತಿ ನೂಲನ್ನು ಹುರಿ ಮಾಡಿ ಬಿಗಿದು ಕಟ್ಟಿದೆ. ಮೇಲಿನಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ, ನೂಲಿಗೆ ಮಸಿ ಸವರಿದ್ದರಿಂದ ಕೆಳಗಿನಿಂದಲೂ ನಟ್ಟಿನ ಹಾಗೆಯೇ ಕಾಣುತ್ತಿತ್ತು. ಗಾಳಿ ಮಿತಿ ಮೀರಿದರೆ ನೂಲು ಹರಿದು, ಪ್ಲೇಟು ಕಿಟಕಿಯ ಬಾಗಿಲಿನ ಹಾಗೆ ತೆರೆದುಕೊಂಡು ಗಾಳಿಯನ್ನು ಬಿಟ್ಟುಕೊಡಲಿ ಎಂಬುದು ನನ್ನ ಯೋಚನೆ. ಎಷ್ಟು ಎಳೆ ಸಾಕು? ಹಾಯಿಗಾದರೆ ಒಂದೆಳೆ ಎಂದು ಮುತ್ಯಾ ಹೇಳಿದ್ದರು. ಈ ಭಾರಕ್ಕೆ ಎಷ್ಟು ಎಂದು ಹೇಳುವವರಿರಲಿಲ್ಲ. ಬೆರಳು ಹೇಳಿದಷ್ಟು ಹಾಕಿದೆ. ಎಂಟು ನಟ್ಟುಗಳನ್ನು ಅರಿಷಿಣದ ಡಬ್ಬಿಯಲ್ಲಿ ಬಚ್ಚಿಟ್ಟೆ.

ಮರುದಿನ ಗಂಗಿಪೂಜೆ ಮಾಡಿ, ತೆಂಗಿನಕಾಯಿ ಒಡೆದು, ದೋಣಿಯನ್ನು ನೀರಿಗೆ ಬಿಟ್ಟರು. ಅದು ಸದ್ದೇ ಇಲ್ಲದೆ ಹೊರಟಿತು. ಹಾಯಿ ಇದ್ದಾಗ ಹಗ್ಗದ ಗಾಲಿಯ ಕಿರ್ ಎನ್ನುವ ದನಿ ಮನೆಯ ತನಕ ಕೇಳುತ್ತಿತ್ತು. ಅದು ಕೇಳಿದ ಮೇಲೆಯೇ ನಾನು ರೊಟ್ಟಿಯ ಹಂಚು ಒಲೆಗೆ ಇಡುತ್ತಿದ್ದೆ. ಈಗ ದೋಣಿ ಹೋದದ್ದೂ ತಿಳಿಯದು, ಬಂದದ್ದೂ ತಿಳಿಯದು. ಕೆಳಗೆ ನಮ್ಮ ಹಳೆಯ ಊರು, ಅದರ ಮೇಲೆ ಆ ಕರಿಯ ಚಪ್ಪರ ಸುಮ್ಮನೆ ಜಾರಿಕೊಂಡು ಹೋಯಿತು. ದಂಡೆಯ ಜನ ಚಪ್ಪಾಳೆ ತಟ್ಟಿದರು.

ಆಚೆ ದಡ ಮುಟ್ಟಿ ದೋಣಿ ಈಚೆಗೆ ಮುಖ ತಿರುಗಿಸಿತು. ಆಗ ನನ್ನ ತಪ್ಪು ನನಗೆ ಕಂಡಿತು.

ಹೋಗುವಾಗ ನೂಲಿನ ಬದಿ ಪಡುವಣಕ್ಕಿತ್ತು. ಬರುವಾಗ ಅದು ಮೂಡಣಕ್ಕಾಯಿತು. ಹಾಯಿಯನ್ನು ಗಾಳಿ ಬಂದ ಕಡೆಗೆ ತಿರುಗಿಸುತ್ತಿದ್ದರು, ಅದಕ್ಕೆ ಬದಿ ಎಂಬುದಿರಲಿಲ್ಲ. ನಾನು ನಿಂತ ದೋಣಿಯನ್ನು ನೋಡಿ ನೂಲು ಕಟ್ಟಿದ್ದೆ. ಬರುವ ದಾರಿಯಲ್ಲಿ ಗಾಳಿಗೆ ಎದುರಾಗುವುದು ಗಟ್ಟಿ ನಟ್ಟುಗಳ ಬದಿ. ಆಗ ಗಾಳಿ ಒಳಹೊಕ್ಕರೆ ಏನಾಗುತ್ತದೆ? ನೂಲು ಹರಿಯುತ್ತದೋ ಇಲ್ಲವೋ, ಹರಿದರೆ ಪ್ಲೇಟು ಎತ್ತ ಏಳುತ್ತದೆ, ಯಾರ ಮೇಲೆ ಬೀಳುತ್ತದೆ? ನನಗೆ ತಿಳಿಯಲಿಲ್ಲ.

ಸರಿಪಡಿಸಲು ದಾರಿ ಸಿಗಲಿಲ್ಲ. ದೋಣಿಗೆ ಸರಪಳಿ ಬಿತ್ತು. ದಂಡೆಯಲ್ಲಿ ಯಾವಾಗಲೂ ನಾಲ್ಕು ಗಂಡಸರು ಕೂತಿರುತ್ತಿದ್ದರು. ಒಮ್ಮೆ ಪಾನಾ ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲಿಯ ತನಕ ಹೋಗಿ, ನೀರು ತುಂಬಲು ಬಂದವಳ ಹಾಗೆ ತಿರುಗಿ ಬಂದೆ. ಅಷ್ಟರಲ್ಲಿ ಬಿಸಿಲು ನೂಲನ್ನು ತಿನ್ನುತ್ತಿತ್ತು. ತಿಂಗಳು ತುಂಬುತ್ತ ಬಂತು. ಹಾಯಿಯಾಗಿದ್ದರೆ ಆ ಹೊತ್ತಿಗೆ ಬಿಚ್ಚಿ ಹೊಸದು ಹಾಕುತ್ತಿದ್ದೆ. ಬೆಳಿಗ್ಗೆ ಎದ್ದರೆ ಮೊದಲು ಬೇವಿನ ಟೊಂಗೆಯ ಕೆಂಪು ಅಂಚು ನೋಡುತ್ತಿದ್ದೆ. ಸಣ್ಣಗೆ ಅಲುಗಿದರೂ ಕೈಯಲ್ಲಿನ ಹಿಟ್ಟು ತಟ್ಟಲಾಗುತ್ತಿರಲಿಲ್ಲ. ನಿಮ್ಮವ್ವ ಮೈಯಲ್ಲಿ ಹುಷಾರಿಲ್ಲೇನ್ರಿ ಎಂದು ಕೇಳಿದಳು. ಹಾಗೇನಿಲ್ಲ ಎಂದೆ.

ಚಿತ್ತಿ ಮಳೆ ಹುಟ್ಟಿ ಎರಡು ದಿನವಾಗಿತ್ತು. ಬಿಳಿಜೋಳದ ಬಿತ್ತನೆಗೆಂದು ಬೆಳಿಗ್ಗೆ ಆಚೆ ಹೋದವರಲ್ಲಿ ಎರಡು ಮನೆ ಆಚೆಯ ಅತ್ತಿ ಮತ್ತು ಇನ್ನಿಬ್ಬರು ಹೆಂಗಸರು ಹಿಂತಿರುಗುವವರಿದ್ದರು. ಮಧ್ಯಾಹ್ನ ಇಳಿಯುವ ಹೊತ್ತು. ಉಸಿರು ಕಟ್ಟುವಂಥ ಧಗೆ. ಕೆಂಪು ಅಂಚು ಟೊಂಗೆಗೆ ಅಂಟಿಕೊಂಡು ಜೋತಿತ್ತು. ಎಮ್ಮೆ ಮೇವಿಗೆ ಬಾಯಿ ಹಾಕದೆ ಪಡುವಣಕ್ಕೆ ಕಿವಿ ಮಾಡಿ ನಿಂತಿತ್ತು. ನಾನು ಹಿತ್ತಲಿಗೆ ಹೋಗಿ ನೋಡಿದೆ. ದೋಣಿ ಆಚೆ ದಡ ಬಿಟ್ಟಾಗಿತ್ತು. ಸದ್ದಿಲ್ಲದೆ ಬರುತ್ತಿತ್ತು, ನಟ್ಟಿನ ಬದಿ ಪಡುವಣಕ್ಕೆ.

ಅಂಚು ಒಮ್ಮೆ ಅಲುಗಿತು. ಮತ್ತೆ ಜೋತಿತು. ಆಮೇಲೆ ಒಮ್ಮೆಲೇ ನೆಟ್ಟಗೆ ಚಾಚಿತು.

ಪಡುವಣದ ನೀರು ಸೀಸದ ಬಣ್ಣಕ್ಕೆ ತಿರುಗಿ, ಆ ಬಣ್ಣ ದೋಣಿಯ ಕಡೆಗೆ ಓಡಿತು. ನಾನು ದಂಡೆಗೆ ಓಡಿದೆ. ಕೂಗಬೇಕೆಂದು ಬಾಯಿ ತೆರೆದೆ. ಹುಟ್ಟಿದಾಗಿನಿಂದ ದನಿ ಎತ್ತದ ಗಂಟಲು ಅಂದೂ ಏಳಲಿಲ್ಲ. ಎದ್ದಿದ್ದರೂ ಅಷ್ಟು ದೂರಕ್ಕೆ ಯಾರಿಗೆ ಕೇಳುತ್ತಿತ್ತು? ಕರಿಯ ಚಪ್ಪರದ ಪಡುವಣ ಅಂಚು ಮೇಲೇಳುವುದು ಕಂಡಿತು. ಅದರ ಹಿಂದೆಯೇ ಒಂದು ಬದಿಯ ದೋಣಿ ನೀರು ಬಿಟ್ಟು ಏಳುವುದೂ ಕಂಡಿತು. ಅಷ್ಟರಲ್ಲಿ ಮಳೆ ಅಡ್ಡ ಬಂದು ಎಲ್ಲವನ್ನೂ ಮುಚ್ಚಿತು.

ಮಳೆಯಲ್ಲಿ ಎಷ್ಟು ಹೊತ್ತು ನಿಂತೆನೋ. ಕಾಲು ಕೆಸರಿನಲ್ಲಿ ಹೂತಿತ್ತು. ಕಡೆಗೆ ಮೂಡಣದ ತಿರುವಿನಿಂದ, ಜಾಲಿ ಗಿಡಗಳ ನಡುವೆ, ಅತ್ತಿ ಮತ್ತು ಆ ಇಬ್ಬರು ಹೆಂಗಸರು ನಡೆದುಕೊಂಡು ಬಂದರು. ಅವರ ಹಿಂದೆ ನಿಮ್ಮಪ್ಪ. ಮುಖದ ಅರ್ಧ ರಕ್ತ. ಅತ್ತಿಯ ಸೀರೆಯ ತುಂಡು ಅವನ ತಲೆಗೆ ಸುತ್ತಿತ್ತು.

"ನಮ್ಮ ಬದಿ ಮಂಚದ ಕಾಲು ಎತ್ತಿದಂಗ ಎದ್ದಿತು ನೋಡಬೇ," ಎಂದಳು ಅತ್ತಿ. "ಆತು, ಹಳೇ ಊರಿಗೆ ಹೊಂಟ್ವಿ ಅಂದ್ಕೊಂಡೆ. ಅಷ್ಟರಾಗ ಮ್ಯಾಲ ಫಟ್ ಫಟ್ ಅಂತ ಏನೋ ಕಡೀತು. ಪ್ಲೇಟು ಪಟಪಟ ಬಡ್ಕೊಂಡು ಹಾರಿ ಹ್ವಾದ್ವು. ಹಾರಿದ್ದ ತಡ, ದೋಣಿ ಧಪ್ ಅಂತ ಕೆಳಗ ಕುಂತಿತು."

ಎರಡು ಪ್ಲೇಟು ನೀರಿನ ಪಾಲಾದವು. ಒಂದು ಹೋಗುವಾಗ ನಿಮ್ಮಪ್ಪನ ಹಣೆ ಸೀಳಿಕೊಂಡು ಹೋಯಿತು. ಇನ್ನೆರಡು ಬೋಲ್ಟಿಗೆ ಜೋತುಬಿದ್ದು ಒಡೆದಿದ್ದವು. ದೋಣಿಯನ್ನು ಗಾಳಿಯೇ ತಳ್ಳಿಕೊಂಡು ಹೋಗಿ ಜಾಲಿಯ ಮೆಳೆಗೆ ಸಿಕ್ಕಿಸಿತ್ತು. ಬೀಳಗಿಯ ದವಾಖಾನೆಯಲ್ಲಿ ಹಣೆಗೆ ಹೊಲಿಗೆ ಹಾಕಿದರು. ನಾನು ಪಕ್ಕದಲ್ಲಿ ನಿಂತು ಆ ಕಪ್ಪು ದಾರವನ್ನೇ ನೋಡುತ್ತಿದ್ದೆ. ಅಂಗುಲದಷ್ಟು ಕೆಳಗೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು.

ಆ ಗೀಟು ನಾನು ಹಾಕಿದ್ದು. ನೂಲು ಹರಿಯದಿದ್ದರೆ ದೋಣಿ ಮಗುಚುತ್ತಿತ್ತು ಎಂದು ಅತ್ತಿಯ ಮಾತಿನಿಂದ ನನಗೆ ಅನಿಸುತ್ತದೆ. ನಟ್ಟು ಇದ್ದಿದ್ದರೆ ದೋಣಿ ಹೇಗೋ ತಡೆದುಕೊಂಡು, ಯಾರಿಗೂ ಗಾಯವಾಗದೆ ಬರುತ್ತಿತ್ತೇನೋ ಎಂದೂ ಕೆಲವು ದಿನ ಅನಿಸುತ್ತದೆ. ಎರಡರಲ್ಲಿ ಯಾವುದು ಖರೆ ಎಂದು ಹೇಳಲಾರೆ. ಮಗನನ್ನು ಉಳಿಸಿದೆನೋ, ಕೊಲ್ಲಲು ಹೋಗಿದ್ದೆನೋ ತಿಳಿಯದೆ ಎರಡು ವರ್ಷ ರೊಟ್ಟಿ ಬಡಿದಿದ್ದೇನೆ.

ಇನ್ನೊಂದು ತಪ್ಪೂ ಇದೆ. ಹರಿದ ನೂಲೆಲ್ಲ ಗಾಳಿಯ ಪಾಲಾಗಿತ್ತು, ಕಂಡದ್ದು ಖಾಲಿ ತೂತು ಮಾತ್ರ. ನಟ್ಟು ಬಿಗಿಯಾಗಿ ಕೂರಿಸಲಿಲ್ಲ ಎಂದು ನಿಮ್ಮಪ್ಪ ಆ ವೆಲ್ಡಿಂಗಿನವನ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದ. ಎಲ್ಲವನ್ನೂ ತಾನೇ ಕೈಯಾರೆ ಬಿಗಿದಿದ್ದಾಗಿ ಆ ಮನುಷ್ಯ ಆಣೆ ಮಾಡಿದನಂತೆ. ಅವನು ಹೇಳಿದ್ದು ನಿಜ. ಈಗ ಇಬ್ಬರಿಗೂ ಮಾತಿಲ್ಲ.

ಇಷ್ಟೂ ದಿನ ಸುಮ್ಮನಿದ್ದವಳು ಈಗ ಬರೆಯಲು ಕೂತದ್ದಕ್ಕೆ ಕಾರಣ ಅಂಗಳದಲ್ಲಿದೆ. ನಿಮ್ಮಪ್ಪ ಹೊಸ ಚಪ್ಪರ ಮಾಡಿದ್ದಾನೆ. ಈ ಸಲ ಆರು ಪ್ಲೇಟು. ಬೋಲ್ಟೇ ಇಲ್ಲ, ಚೌಕಟ್ಟಿಗೆ ಸುತ್ತಲೂ ಪಟ್ಟಿ ಕೊಟ್ಟು ಬೆಸೆದಿದ್ದಾನೆ. ಬೇರೆಯವರನ್ನು ನಂಬದೆ ವೆಲ್ಡಿಂಗ್ ತಾನೇ ಕಲಿತ. ನಿನ್ನೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ, "ಈ ಸಲ ಏನ ಬಂದ್ರೂ ಬಿಡೂದಿಲ್ಲ, ಯವ್ವಾ," ಎಂದ. ಸೋಮವಾರ ನೀರಿಗೆ ಇಳಿಸುತ್ತಾನೆ. ಮುಂದಿನ ಹಲಗೆಯ ಮೇಲೆ ನಿಮ್ಮಿಬ್ಬರನ್ನೂ ಕೂರಿಸುತ್ತಾನಂತೆ. ನೀವು ಬೆಳಗಿನಿಂದ ಯಾರು ಎಡಕ್ಕೆ, ಯಾರು ಬಲಕ್ಕೆ ಎಂದು ಜಗಳಾಡುತ್ತಿದ್ದೀರಿ. ಚಿತ್ತಿ ಮಳೆ ನಾಳೆ ಹುಟ್ಟುತ್ತದೆ.

ಬಾಯಿಂದ ಹೇಳೋಣವೆಂದು ಬೆಳಿಗ್ಗೆ ಎರಡು ಸಲ ಅವನ ಹತ್ತಿರ ಹೋದೆ. ಮೊದಲ ಸಲ ಏನಬೇ ಎಂದ, ಏನಿಲ್ಲ ಎಂದೆ. ಎರಡನೆಯ ಸಲ ಅವನು ತಲೆ ಎತ್ತಲಿಲ್ಲ. ಆ ಗೀಟು ಬೆವರಿನಲ್ಲಿ ಹೊಳೆಯುತ್ತಿತ್ತು.

ಇದು ನಿಮಗಾಗಿ ಬರೆದದ್ದು. ಆದರೆ ಮೊದಲು ಅವನು ಓದಬೇಕು. ಈ ನೋಟಬುಕ್ಕನ್ನು ಅವನ ಹತಾರದ ಪೆಟ್ಟಿಗೆಯಲ್ಲಿ, ಎಲ್ಲಕ್ಕೂ ಮೇಲೆ, ಕೈ ಹಾಕಿದರೆ ಸಿಗುವಂತೆ ಇಡುತ್ತೇನೆ. ಜೊತೆಗೆ ಆ ಎಂಟು ನಟ್ಟು. ಅರಿಷಿಣ ಹತ್ತಿ ಹಳದಿಯಾಗಿವೆ. ಅವುಗಳ ಅಳತೆ ನೋಡಿದರೆ ಅವನಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಮಗಾ, ಬೆಸುಗೆ ಕೊಯ್ದು ಚಪ್ಪರಕ್ಕೂ ಒಂದು ಫ್ಯೂಜ್ ಹಾಕು. ಎರಡೂ ಬದಿಗೆ ಹಾಕು. ಸೋತು ಹಾರಿದ್ದು ಯಾರ ಮೇಲೂ ಬೀಳದ ಹಾಗೆ ಹಾಕು. ಅದನ್ನು ಮಾಡಲು ನನಗೆ ಬರಲಿಲ್ಲ, ನಿನಗೆ ಬರುತ್ತದೆ. ಜಮಖಂಡಿಗೆ ಹೋಗಿ ಆ ಮನುಷ್ಯನಿಗೂ ನಿಜ ಹೇಳು. ನನ್ನ ಮೇಲೆ ಸಿಟ್ಟಾಗು, ಎಷ್ಟು ದಿನ ಬೇಕಾದರೂ ಮಾತು ಬಿಡು. ನಾನು ಸುಮ್ಮನಿರಬಲ್ಲೆ.

ಮಕ್ಕಳೇ, ಅವನು ಇದನ್ನು ಓದಿ ಮುಗಿಸುವ ತನಕ ನಿಮ್ಮನ್ನು ದೋಣಿಯ ಹತ್ತಿರ ಬಿಡದಂತೆ ನಾನೇ ನೋಡಿಕೊಳ್ಳುತ್ತೇನೆ. ಹೊರಗೆ ಗ್ರೈಂಡರಿನ ಸದ್ದು ನಿಂತಿದೆ. ಊಟಕ್ಕೆ ಏಳುವ ಮೊದಲು ಅವನು ಪಾನಾ ಒಳಗಿಡಲು ಪೆಟ್ಟಿಗೆ ತೆರೆಯುತ್ತಾನೆ. ಅಷ್ಟರೊಳಗೆ ಇದನ್ನು ಇಟ್ಟು ಬರಬೇಕು. ಕೆಂಪು ಅಂಚು ಟೊಂಗೆಗೆ ಅಂಟಿಕೊಂಡಿದೆ, ಅಲುಗುತ್ತಿಲ್ಲ.